ದೆವ್ವದ ಸಿನಿಮಾಗಳ ಕಥೆ ಯಾವಾಗಲೂ ಒಂದೇ ಜಾಡಿನಲ್ಲಿ ಸಾಗುವುದೇಕೆ?

ಹೆದರಿಸುವ ಮೊದಲು ಪಾತ್ರಗಳನ್ನು ಒಂಟಿಯಾಗಿಸಬೇಕು. ಜಾಡು ಹುಟ್ಟುವುದೇ ಅಲ್ಲಿಂದ. ಸಂಸಾರವೊಂದು ಅಗ್ಗಕ್ಕೆ ಸಿಕ್ಕ ಹಳೆಯ ಮನೆಗೆ ಬರುತ್ತದೆ. ನಾಯಿ ಹೊಸ್ತಿಲು ದಾಟುವುದಿಲ್ಲ, ಮಗು ಯಾರಿಗೂ ಕಾಣದ ಗೆಳತಿಯೊಂದಿಗೆ ಮಾತನಾಡುತ್ತದೆ, ಹೆಂಡತಿ ರಾತ್ರಿ ಹೆಜ್ಜೆ ಸದ್ದು ಕೇಳುತ್ತಾಳೆ. ಗಂಡ ಮಾತ್ರ ‘ಗಾಳಿಗೆ ಬಾಗಿಲು ಬಡಿದಿರಬೇಕು, ಮಲಗು’ ಎನ್ನುತ್ತಾನೆ. ನನ್ನ ಪ್ರಕಾರ ಕಥೆಯನ್ನು ಹೊತ್ತು ನಿಂತವನು ಈ ನಂಬದ ಗಂಡನೇ. ಅವನು ಮೊದಲ ರಾತ್ರಿಯೇ ನಂಬಿದರೆ ಬೆಳಗ್ಗೆ ಮನೆ ಖಾಲಿ, ಸಿನಿಮಾವೂ ಮುಗಿಯಿತು.

ಒಂಟಿತನದ ಈ ಏರ್ಪಾಡು ನಮ್ಮ ಮಡಿಕೇರಿ ಕಡೆಯವರಿಗೆ ಚೆನ್ನಾಗಿ ಗೊತ್ತು. ಜುಲೈ ಮಳೆ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ತೋಟದ ಮನೆಯ ಹೆಂಚಿಗೆ ಸಿಲ್ವರ್ ಮರದ ಕೊಂಬೆ ಉಜ್ಜುತ್ತಿದೆ. ನಿರ್ದೇಶಕನ ಅರ್ಧ ಕೆಲಸ ಆದಂತೆಯೇ.

ಮುಂದಿನದು ಗೊತ್ತಿದ್ದದ್ದೇ: ಅಟ್ಟದಲ್ಲಿ ಹಳೆಯ ಫೋಟೊ, ಹೂತುಹೋದ ಅನ್ಯಾಯ, ಪಾದ್ರಿ ಇಲ್ಲವೇ ಮಂತ್ರವಾದಿ, ಎಲ್ಲ ಮುಗಿಯಿತು ಎನ್ನುವಾಗ ಕೊನೆಯದೊಂದು ಬೆಚ್ಚು. ಮೈಮೇಲೆ ಬರುವುದು ಸಾಮಾನ್ಯವಾಗಿ ಹೆಂಗಸಿಗೆ. 1979ರ ‘ನಾ ನಿನ್ನ ಬಿಡಲಾರೆ’ ಅದನ್ನು ತಿರುಗಿಸಿ ಅನಂತ್ ನಾಗ್ ಪಾತ್ರಕ್ಕೇ ದೆವ್ವ ಹಿಡಿಸಿತು.

ಆದರೆ ಕೊಡಗಿನಲ್ಲಿ ಒಂದು ತೊಡಕಿದೆ. ಕೊಡವರು ತೀರಿಕೊಂಡ ಹಿರಿಯರಿಗೆ ಮದ್ಯ, ಮಾಂಸ ಎಡೆಯಿಟ್ಟು ನಡೆದುಕೊಳ್ಳುತ್ತಾರೆ. ಅವರಿಗೆಂದೇ ಕೈಮಡ ಎಂಬ ಪುಟ್ಟ ಗುಡಿ ಇರುತ್ತದೆ. ‘ಸತ್ತವರು ಇಲ್ಲೇ ಇದ್ದಾರೆ’ ಎಂದರೆ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಯಾರೂ ಬೆಚ್ಚುವುದಿಲ್ಲ. ಅಲ್ಲಿ ಹೆದರಿಸಬೇಕಾದರೆ ಎಡೆ ತಪ್ಪಿಸಿದವನ ಕಥೆಯನ್ನೇ ಹೇಳಬೇಕು.