ಸ್ಪೀಕರ್ ‘ಗುಂಯ್’ ಅನ್ನುತ್ತಿದೆಯೇ? ಮೂರನೇ ಪಿನ್ ಮುರಿಯಬೇಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ತೋಟದ ಮನೆ. ಅಜ್ಜಿಗೆ ಬರುವ ಸೋಬಾನೆ ಪದಗಳನ್ನು ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡಿ ಇಡುತ್ತಿದ್ದೇನೆ. ಮೈಕನ್ನು ಕಂಪ್ಯೂಟರಿನ ಗುಲಾಬಿ ಬಣ್ಣದ ಜಾಕ್‌ಗೇ ಹಾಕಿದ್ದೇನೆ. ಕೇಳಲು ಹಳೇ ಆಂಪ್ಲಿಫೈಯರ್ ಇದೆ. ಟಿವಿಯ ಸೆಟ್‌ಟಾಪ್ ಬಾಕ್ಸಿನ ವೈರೂ ಅದಕ್ಕೇ ಬಂದಿದೆ. ಏನೂ ಹಾಕದಿದ್ದರೂ ಸ್ಪೀಕರ್ ‘ಗುಂಯ್’ ಅನ್ನುತ್ತದೆ. ರೆಕಾರ್ಡಿಂಗ್‌ನಲ್ಲೂ ಸಣ್ಣಗೆ ಅದೇ ಸದ್ದು. ಕಂಪ್ಯೂಟರ್ ಪ್ಲಗ್ಗಿನ ಮೂರನೇ ಪಿನ್ ತೆಗೆದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ತೆಗೆಸಬಹುದಾ ಸರ್?

ಉತ್ತರ: ಬೇಡ. ದಯವಿಟ್ಟು ಬೇಡ.

ಪಿನ್ ತೆಗೆದರೆ ಸದ್ದು ನಿಲ್ಲಬಹುದು, ಅದು ನಿಜ. ಆ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿ. ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ. ಸಾಕೆಟ್‌ಗೆ ಮೊದಲು ಹೋಗುವುದೂ ಅದೇ, ಕೊನೆಗೆ ಹೊರಗೆ ಬರುವುದೂ ಅದೇ. ಒಳಗೆ ಎಲ್ಲಾದರೂ ಕರೆಂಟ್ ವೈರ್ ತಗಡಿಗೆ ತಾಗಿದರೆ, ಅದು ಮನುಷ್ಯನ ಮೈ ಮೇಲೆ ಹೋಗದೆ ನೆಲಕ್ಕೆ ಹೋಗಲಿ ಎಂದು ಆ ಪಿನ್ ಇಟ್ಟಿರುವುದು. ಬೇಲೂರು ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ಹೀಗೇ ಪಿನ್ ಕಿತ್ತ ಮಿಕ್ಸರ್ ಇತ್ತು. ಹಾಡುವ ಹುಡುಗ ಬರಿಗಾಲಲ್ಲಿ ನಿಂತಿದ್ದ. ತುಟಿ ಮೈಕ್‌ಗೆ ತಾಗಿದ್ದೇ ತಡ, ಹೊಡೆತ ತಿಂದವನ ಹಾಗೆ ತಲೆ ಹಿಂದಕ್ಕೆ ಎಳೆದುಕೊಂಡ. ಏನೂ ಆಗಲಿಲ್ಲ, ಪುಣ್ಯ. ಆದರೆ ಅವತ್ತು ಅವನ ಮುಖ ನೋಡಿದವನು ನಾನು. ನಿಮ್ಮ ಮನೆಯಲ್ಲಿ ಮೈಕ್ ಮುಂದೆ ಕೂರುವುದು ಅಜ್ಜಿ.

ಈಗ ಸದ್ದಿನ ವಿಷಯಕ್ಕೆ ಬರೋಣ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, 50 ಹರ್ಟ್ಜ್ ಕರೆಂಟ್, ಅಂದರೆ ಸೆಕೆಂಡಿಗೆ 50 ಸಲ ಅಲೆಯಾಡುವ ಕರೆಂಟ್. ಅದರ ಗುಂಯ್ 50ರಲ್ಲಿ, ಇಲ್ಲವೇ ಅದರ ಎರಡರಷ್ಟು, 100ರಲ್ಲಿ ಕೇಳುತ್ತದೆ. ಹಾರ್ಮೋನಿಯಂ ಇದ್ದರೆ ಮಂದ್ರದ ಬಿಳಿ ಐದು ಒತ್ತಿ ನೋಡಿ. ಅದು 98 ಹರ್ಟ್ಜ್. ಸ್ಪೀಕರಿನ ಸದ್ದು ಅದಕ್ಕೆ ಹೆಚ್ಚೂಕಡಿಮೆ ಹೊಂದಿದರೆ ಕರೆಂಟಿನದೇ ಕಾಟ ಅನ್ನಬಹುದು.

ನೀವು ಹೇಳಿದ್ದನ್ನು ನೋಡಿದರೆ ನನಗೆ ಮೊದಲ ಅನುಮಾನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ವೈರಿನ ಮೇಲೆ. ಕಂಪ್ಯೂಟರ್ ತನ್ನ ಪ್ಲಗ್ಗಿನ ಮೂಲಕ ಅರ್ಥ್‌ಗೆ ಸೇರಿದೆ. ಡಿಶ್ ವೈರಿನ ಹೊರ ಜಾಲರಿ ಮಾಳಿಗೆಯ ಕಬ್ಬಿಣಕ್ಕೋ ಒದ್ದೆ ಗೋಡೆಗೋ ತಾಗಿ, ಬೇರೆ ದಾರಿಯಲ್ಲಿ ನೆಲ ಸೇರಿರಬಹುದು. ಎರಡೂ ಬಂದು ಕೂಡುವುದು ನಿಮ್ಮ ಆಂಪ್ಲಿಫೈಯರ್‌ನಲ್ಲಿ. ಎರಡು ಕಡೆಯ ನೆಲಕ್ಕೂ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಆ ಚೂರು ಸಾಕು, ಆಡಿಯೊ ವೈರಿನ ಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ. ಹಾಡು ಯಾವುದು, ಕಸ ಯಾವುದು ಅಂತ ಆಂಪ್ಲಿಫೈಯರ್‌ಗೆ ಗೊತ್ತಾಗುವುದಿಲ್ಲ ಅಲ್ವಾ? ಎರಡನ್ನೂ ದೊಡ್ಡದು ಮಾಡುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು.

ನೋಡುವುದು ಸುಲಭ. ಗುಂಯ್ ಕೇಳುತ್ತಿರುವಾಗಲೇ ಸೆಟ್‌ಟಾಪ್ ಬಾಕ್ಸ್ ಹಿಂದಿನ ಡಿಶ್ ವೈರಿನ ತಿರುಪು ಬಿಚ್ಚಿ. ಸದ್ದು ನಿಂತಿತಾ? ಕಳ್ಳ ಸಿಕ್ಕಿಬಿದ್ದ. ನಿಲ್ಲದಿದ್ದರೆ ವಾಲ್ಯೂಮ್ ಇಳಿಸಿ, ಆಂಪ್ಲಿಫೈಯರ್ ಹಿಂದಿನ ವೈರುಗಳನ್ನು ಒಂದೊಂದಾಗಿ ಕೀಳಿ, ಪ್ರತಿ ಸಲ ವಾಲ್ಯೂಮ್ ಏರಿಸಿ ಕೇಳಿ. ಎಲ್ಲ ಕಿತ್ತ ಮೇಲೂ, ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಅಷ್ಟೇ ಇದ್ದರೆ ಆಂಪ್ಲಿಫೈಯರ್ ಒಳಗಿನ ಫಿಲ್ಟರ್ ಕೆಪಾಸಿಟರ್ ಸೋತಿರಬಹುದು. ಹಳೇ ಆಂಪ್ಲಿಫೈಯರ್‌ಗಳಲ್ಲಿ ಇದು ಜಾಸ್ತಿ. ರಿಪೇರಿಯವರಿಗೇ ಕೊಡಿ.

ಡಿಶ್ ವೈರೇ ಕಾರಣವಾದರೆ ಸೆಟ್‌ಟಾಪ್‌ನಿಂದ ಆಂಪ್ಲಿಫೈಯರ್‌ಗೆ ಬರುವ ಆಡಿಯೊ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಹಾಡು ಆಚೆ ದಾಟುತ್ತದೆ, ಜಾಲರಿಯ ದಾರಿ ಮಾತ್ರ ಕಡಿದುಹೋಗುತ್ತದೆ. ತೀರಾ ಅಗ್ಗದ್ದಾದರೆ ಕೆಳಗಿನ ಸ್ವರ ಸ್ವಲ್ಪ ಸಣ್ಣಗಾಗುತ್ತದೆ, ಅಷ್ಟೇ. ಕಂಪ್ಯೂಟರ್, ಆಂಪ್ಲಿಫೈಯರ್, ಸೆಟ್‌ಟಾಪ್ ಮೂರನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕುವುದನ್ನಂತೂ ಇವತ್ತೇ ಮಾಡಿ, ಅದಕ್ಕೆ ಖರ್ಚಿಲ್ಲ.

ರೆಕಾರ್ಡಿಂಗ್‌ನ ಸದ್ದು ಬೇರೆ ಕಥೆ ಇರಬಹುದು. ಅಜ್ಜಿ ಹಾಡುವಾಗ ಆಂಪ್ಲಿಫೈಯರ್ ವೈರ್ ಪೂರ್ತಿ ಕಿತ್ತು, ಹೆಡ್‌ಫೋನ್‌ನಲ್ಲಿ ಕೇಳಿ. ಆಗಲೂ ಗುಂಯ್ ಬಂದರೆ ಅದು ಮೈಕ್ ಕಡೆಯದು. ಗುಲಾಬಿ ಜಾಕ್‌ಗೆ ಬರುವ ಮೈಕ್ ವೈರ್‌ನಲ್ಲಿ ಒಂದು ತಂತಿ, ಒಂದು ಜಾಲರಿ, ಅಷ್ಟೇ. ಪಕ್ಕದಲ್ಲಿ ಕರೆಂಟ್ ವೈರ್ ಹಾದುಹೋದರೆ ಅದರ ಸದ್ದನ್ನೂ ಹೀರಿಕೊಳ್ಳುತ್ತದೆ. ಎರಡನ್ನೂ ಜೊತೆಗೆ ಕಟ್ಟಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ನನ್ನ ಮಾತು ಕೇಳುವುದಾದರೆ, ಈ ಕೆಲಸಕ್ಕೆ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿ) ಮತ್ತು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ತೆಗೆದುಕೊಳ್ಳಿ. ಆ ವೈರಿನಲ್ಲಿ ಎರಡು ತಂತಿ ಒಂದಕ್ಕೊಂದು ಹೊಸೆದುಕೊಂಡು ಬರುತ್ತವೆ. ಹಾಡು ಒಂದರಲ್ಲಿ ನೇರ, ಇನ್ನೊಂದರಲ್ಲಿ ತಿರುಗುಮುರುಗು. ಹೊರಗಿನ ಗುಂಯ್ ಎರಡಕ್ಕೂ ಒಂದೇ ಥರ ಅಂಟುತ್ತದೆ. ಇಂಟರ್‌ಫೇಸ್ ಒಂದರಿಂದ ಇನ್ನೊಂದನ್ನು ಕಳೆದಾಗ ಗುಂಯ್ ಅಳಿಸಿಹೋಗಿ ಹಾಡು ಉಳಿಯುತ್ತದೆ. ನನಗೆ ಈ ಉಪಾಯ ಇವತ್ತಿಗೂ ಖುಷಿ ಕೊಡುತ್ತದೆ.

ರೆಕಾರ್ಡ್ ಮಾಡುವಾಗ ಎಲೆಕ್ಟ್ರಾನಿಕ್ ರೆಗ್ಯುಲೇಟರಿನ ಫ್ಯಾನ್ ಆಫ್ ಇರಲಿ. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್‌ನದಾಗಿದ್ದರೆ (ನುಣುಪಾದ ಅಲೆಯ ಬದಲು ಚೌಕಾಕಾರದ ಅಲೆಯ ಕರೆಂಟ್ ಕೊಡುವಂಥದ್ದು) ಗುಂಯ್ ಹೋಗಿ ‘ಜರ್ರ್’ ಆಗುತ್ತದೆ. ಆಗ ಹಾಡಿಸಬೇಡಿ, ಕರೆಂಟ್ ಬರಲಿ.

ಒಂದು ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿನ ಹಿಂದೆ ವೈರೇ ಇರುವುದಿಲ್ಲ. ಅದನ್ನು ನೋಡಿಸಿ. ಅಂಗಳದ ಅರ್ಥ್ ಗುಂಡಿಯನ್ನೂ ನೋಡಿಸಿ. ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಸೋಲುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಆಗಾಗ ನೀರು ಹಾಕಬೇಕು.

ಈಗಾಗಲೇ ರೆಕಾರ್ಡ್ ಆದ ಪದಗಳನ್ನು ಅಳಿಸಬೇಡಿ. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನಾಚ್ ಫಿಲ್ಟರ್ ಇದೆ, ನಾವು ಹೇಳಿದ ಒಂದು ಸ್ವರವನ್ನಷ್ಟೇ ಅದು ಕತ್ತರಿಸುತ್ತದೆ. 50, 100, 150 ಹರ್ಟ್ಜ್‌ನಲ್ಲಿ ಒಂದೊಂದು ಸಲ ಹಾಕಿದರೆ ಗುಂಯ್ ಎಷ್ಟೋ ಇಳಿಯುತ್ತದೆ. ಮೂಲ ಫೈಲ್ ಹಾಗೇ ಇಟ್ಟು, ಕಾಪಿಯ ಮೇಲೆ ಮಾಡಿ. ಮುಂದಿನ ಸಲ ಅಜ್ಜಿ ಶುರು ಮಾಡುವ ಮುಂಚೆ ಹತ್ತು ಸೆಕೆಂಡ್ ಸುಮ್ನೆ ರೆಕಾರ್ಡ್ ಮಾಡಿ. ಆ ಖಾಲಿ ಸದ್ದನ್ನು ತೋರಿಸಿದರೆ ಸಾಫ್ಟ್‌ವೇರ್‌ಗೆ ತೆಗೆಯಬೇಕಾದ್ದು ಯಾವುದೆಂದು ತಿಳಿಯುತ್ತದೆ.

ಪ್ರಶ್ನೆ: ಮೌಸ್ ಅಲ್ಲಾಡಿಸಿದಾಗಲೆಲ್ಲ ಸ್ಪೀಕರ್‌ನಲ್ಲಿ ‘ಕಿರ್ ಕಿರ್’. ಅರ್ಥಿಂಗ್ ಸರಿ ಮಾಡಿಸಿದರೂ ಹೋಗಿಲ್ಲ. (ಅರಸೀಕೆರೆಯ ಓದುಗರು)

ಉತ್ತರ: ಇದು ಮನೆ ಕರೆಂಟಿನ ಗುಂಯ್ ಅಲ್ಲ, ಕಂಪ್ಯೂಟರ್ ಒಳಗಿನ ಗಲಾಟೆ. ಮೊದಲು ಮುಂದಿನ ಜಾಕ್ ಬಿಟ್ಟು ಹಿಂದಿನ ಹಸಿರು ಜಾಕ್‌ಗೆ ಸ್ಪೀಕರ್ ಹಾಕಿ. ಹೋಗದಿದ್ದರೆ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ತಂದು, ಸ್ಪೀಕರನ್ನು ಅದಕ್ಕೆ ಹಾಕಿ ನೋಡಿ.