ಓದುಗರ ಪ್ರಶ್ನೆ: ಯಕ್ಷಗಾನದ ಡಿವಿಡಿಗೆ 5.1 ಧ್ವನಿ

ಪ್ರಶ್ನೆ: ಎರಡೂವರೆ ಗಂಟೆಯ ಬಯಲಾಟವೊಂದನ್ನು ಎರಡು ಮೈಕ್ ಇಟ್ಟು ಸ್ಟೀರಿಯೊದಲ್ಲಿ ಧ್ವನಿಮುದ್ರಿಸಿಕೊಂಡಿದ್ದೇವೆ. ಡಿವಿಡಿ ಮಾಡುವಾಗ 5.1 ಸರೌಂಡ್ ಕೊಡಬೇಕೆಂದಿದೆ. ಕಂಪ್ಯೂಟರಿನಲ್ಲಿ ಧ್ವನಿ ತಿದ್ದುವ ಆಡಾಸಿಟಿ ಸಾಫ್ಟ್‌ವೇರ್ ಇದೆ. ಹೇಗೆ ಮಾಡುವುದು?
– ಓದುಗರು, ಕುಮಟಾ

ಉತ್ತರ: 5.1 ಎಂದರೆ ಮುಂದೆ ಎಡ, ಸೆಂಟರ್, ಬಲ, ಹಿಂದೆ ಎರಡು ಸ್ಪೀಕರು, ಜೊತೆಗೊಂದು ಸಬ್‌ವೂಫರ್. ಮೂಲದಲ್ಲಿ ಇಲ್ಲದ ದನಿಯನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸಲಾರದು. ಆದರೆ ಚಪ್ಪಾಳೆ, ಸಭೆಯ ಗುಜುಗುಜು, ಸುತ್ತಲಿನ ಮಾರ್ದನಿ ಎರಡು ಮೈಕ್‌ಗಳಿಗೂ ಒಂದೇ ಥರ ಬಿದ್ದಿರುವುದಿಲ್ಲ. ಎಡ ಚಾನೆಲ್‌ನಿಂದ ಬಲವನ್ನು ಕಳೆದರೆ ನಡುವಿನಲ್ಲಿರುವ ಭಾಗವತರ ದನಿ ಬಹುಪಾಲು ರದ್ದಾಗಿ, ಈ ಸುತ್ತಲಿನ ಸದ್ದು ಉಳಿಯುತ್ತದೆ. ಹಿಂದಿನ ಸ್ಪೀಕರುಗಳಿಗೆ ಬೇಕಾದದ್ದು ಇದೇ. 1987ರ ಡಾಲ್ಬಿ ಪ್ರೊ ಲಾಜಿಕ್ ಕೂಡ ಈ ವ್ಯತ್ಯಾಸದಿಂದಲೇ ಸರೌಂಡ್ ತೆಗೆಯುತ್ತಿತ್ತು.

ಆಡಾಸಿಟಿಯ ಪ್ರಾಜೆಕ್ಟ್ ರೇಟನ್ನು (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದು) ಮೊದಲು 48,000 ಹರ್ಟ್ಸ್‌ಗೆ ಇಡಿ. ಡಿವಿಡಿ 44,100 ಒಪ್ಪುವುದಿಲ್ಲ. ಟ್ರ್ಯಾಕನ್ನು 6 ಡೆಸಿಬೆಲ್ ತಗ್ಗಿಸಿಕೊಳ್ಳಿ, ಇಲ್ಲವಾದರೆ ಕೂಡಿಸಿದಾಗ ಚೆಂಡೆಯ ಪೆಟ್ಟುಗಳು ಒಡೆಯುತ್ತವೆ. ಈಗ ಅದರ ಎರಡು ಪ್ರತಿ ಮಾಡಿ. ಮೂಲ ಜೋಡಿ ಹಾಗೆಯೇ ಮುಂದಿನ ಎಡ-ಬಲಕ್ಕೆ ಹೋಗುತ್ತದೆ, ಅದನ್ನು ಮುಟ್ಟಬೇಡಿ.

ಒಂದು ಪ್ರತಿಯನ್ನು ಮೋನೊ ಮಾಡಿ ಇನ್ನೂ 4 ಡೆಸಿಬೆಲ್ ತಗ್ಗಿಸಿದರೆ ಸೆಂಟರ್ ಸಿದ್ಧ. ಕೋಣೆಯ ಪಕ್ಕದಲ್ಲಿ ಕೂತವರಿಗೂ ಅರ್ಥಗಾರಿಕೆ ಪರದೆಯಿಂದಲೇ ಬಂದಂತೆ ಕೇಳಲು ಇಷ್ಟು ಸಾಕು. ಜಾಸ್ತಿ ಮಾಡಿದರೆ ರಂಗಸ್ಥಳದ ಅಗಲವೇ ಕುಗ್ಗುತ್ತದೆ.

ಇನ್ನೊಂದು ಪ್ರತಿಯನ್ನು ಎರಡು ಮೋನೊ ಟ್ರ್ಯಾಕಾಗಿ ಒಡೆದು, ಬಲದ್ದಕ್ಕೆ ‘ಇನ್ವರ್ಟ್’ (ಧ್ವನಿಯ ಅಲೆಯನ್ನು ತಲೆಕೆಳಗು ಮಾಡುವ ಆಯ್ಕೆ) ಕೊಟ್ಟು, ಎರಡನ್ನೂ ‘ಮಿಕ್ಸ್ ಆ್ಯಂಡ್ ರೆಂಡರ್’ ಮಾಡಿ. ಸಿಕ್ಕಿದ್ದಕ್ಕೆ 100 ಹರ್ಟ್ಸ್‌ನ ಹೈ-ಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತೆಗೆಯುವ ಫಿಲ್ಟರ್), 7,000 ಹರ್ಟ್ಸ್‌ನ ಲೋ-ಪಾಸ್ (ಅದಕ್ಕಿಂತ ಮೇಲಿನದನ್ನು ತೆಗೆಯುವುದು) ಹಾಕಿ. ಮೈಕ್‌ಗಳು ದೂರ ದೂರ ಇದ್ದಿದ್ದರೆ ಹಾಡು ಪೂರ್ತಿ ರದ್ದಾಗಿರುವುದಿಲ್ಲ. ಅದಕ್ಕೇ ಹಿಂದಿನ ಸದ್ದನ್ನು ಸ್ವಲ್ಪ ತಡಮಾಡಬೇಕು: ಮೊದಲು ಕಿವಿಗೆ ಬಿದ್ದ ದಿಕ್ಕನ್ನೇ ಮನಸ್ಸು ದನಿಯ ನೆಲೆ ಎಂದು ಹಿಡಿಯುತ್ತದೆ. ಇದರದ್ದೇ ಎರಡು ಪ್ರತಿ ಮಾಡಿ, ಹಿಂದಿನ ಎಡದ ಆರಂಭಕ್ಕೆ 576 ಸ್ಯಾಂಪಲ್ (12 ಮಿಲಿಸೆಕೆಂಡ್), ಹಿಂದಿನ ಬಲಕ್ಕೆ 816 ಸ್ಯಾಂಪಲ್ (17 ಮಿಲಿಸೆಕೆಂಡ್) ಮೌನ ಸೇರಿಸಿ. ಎರಡಕ್ಕೂ ಒಂದೇ ತಡ ಕೊಟ್ಟರೆ ಸದ್ದು ಬೆನ್ನ ಹಿಂದೆ ಒಂದೇ ಬಿಂದುವಿಗೆ ಅಂಟಿಕೊಳ್ಳುತ್ತದೆ. ಬರೀ ಹಾಡಿನ ಕಛೇರಿಯಾದರೆ 20–25 ಮಿಲಿಸೆಕೆಂಡಿನವರೆಗೂ ಹೋಗಬಹುದಿತ್ತು. ಚೆಂಡೆಗೆ ಅಷ್ಟು ಕೊಟ್ಟರೆ ಒಂದು ಪೆಟ್ಟು ಎರಡಾಗಿ ಕೇಳಿ ತಾಳವೇ ಕೆಡುತ್ತದೆ. ಮಟ್ಟ ಮುಂದಿನದಕ್ಕಿಂತ 6ರಿಂದ 9 ಡೆಸಿಬೆಲ್ ಕೆಳಗಿರಲಿ. ಹಿಂದಿನ ಸ್ಪೀಕರು ಆರಿಸಿದಾಗ ಮಾತ್ರ ಅದು ಇತ್ತೆಂದು ಗೊತ್ತಾಗುವಷ್ಟಿದ್ದರೆ ಸರಿ.

ಸಬ್‌ವೂಫರಿನ ಎಲ್‌ಎಫ್‌ಇ (ಮಂದ್ರಕ್ಕೆಂದೇ ಇರುವ) ಚಾನೆಲ್ ಖಾಲಿ ಬಿಡುವುದೇ ನಮ್ಮ ಸಲಹೆ. ಚಿಕ್ಕ ಸ್ಪೀಕರುಗಳ ಮಂದ್ರವನ್ನು ಆಂಪ್ಲಿಫೈಯರ್ ತಾನೇ ಸಬ್‌ವೂಫರಿಗೆ ಕಳಿಸುತ್ತದೆ. ಬೇಕೇಬೇಕೆಂದರೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ, 10 ಡೆಸಿಬೆಲ್ ತಗ್ಗಿಸಿ ಕೊಡಿ. ಆ ಚಾನೆಲ್ ನುಡಿಯುವಾಗ 10 ಡೆಸಿಬೆಲ್ ಏರುತ್ತದೆ. ಮುಂದಿನ ಟ್ರ್ಯಾಕಿನ ಮಂದ್ರವನ್ನು ಕಿತ್ತು ಅಲ್ಲಿ ಹಾಕುವುದಂತೂ ಬೇಡ. ಸಾಮಾನ್ಯ ಟಿವಿಗಾಗಿ ಪ್ಲೇಯರ್ ಆರನ್ನು ಎರಡಾಗಿಸುವಾಗ ಎಲ್‌ಎಫ್‌ಇ ಬಿಟ್ಟುಹೋಗುತ್ತದೆ, ಮದ್ದಳೆ ಬಡಕಲಾಗುತ್ತದೆ.

ಕೊನೆಗೆ ಎಸಿ-3 (ಕುಗ್ಗಿಸಿದ ಡಾಲ್ಬಿ ಧ್ವನಿರೂಪ), 448 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್). ಡಿವಿಡಿಯಲ್ಲಿ ಅದೇ ಗರಿಷ್ಠ. 640 ಇಟ್ಟರೆ ಡಿಸ್ಕ್ ನಿಯಮಕ್ಕೆ ಹೊರಗಾಗುತ್ತದೆ. ಎನ್‌ಕೋಡರಿನಲ್ಲಿ (ಎಸಿ-3 ಮಾಡುವ ಸಾಫ್ಟ್‌ವೇರ್) ಡೈಲಾಗ್ ನಾರ್ಮಲೈಸೇಶನ್ ಎಂಬ ಆಯ್ಕೆಯನ್ನು –31ಕ್ಕೆ ಇಡಿ. –27ರಲ್ಲೇ ಬಿಟ್ಟರೆ ಪ್ಲೇಯರ್ ದನಿಯನ್ನು 4 ಡೆಸಿಬೆಲ್ ತಗ್ಗಿಸುತ್ತದೆ.

ಪ್ರಶ್ನೆ: ಆರು ಚಾನೆಲ್‌ನ ವೇವ್ ಫೈಲ್ ಮಾಡಿದೆ. ಮಾತೆಲ್ಲ ಬಲಗಡೆಯ ಸ್ಪೀಕರಿನಿಂದ, ಗುಡುಗು ಹಿಂದಿನ ಬಲದಿಂದ ಬರುತ್ತಿದೆ. ಜೊತೆಗೆ, ಉದ್ದದ ಕಾರ್ಯಕ್ರಮ ಅರ್ಧಕ್ಕೇ ನಿಲ್ಲುತ್ತದೆ.
– ಓದುಗರು, ತುಮಕೂರು

ಉತ್ತರ: ಮೊದಲನೆಯದು ಸಾಲು ತಪ್ಪಿದ್ದು. ಸಿನಿಮಾದವರು ಎಡ, ಸೆಂಟರ್, ಬಲ, ಹಿಂದಿನ ಎಡ, ಹಿಂದಿನ ಬಲ, ಎಲ್‌ಎಫ್‌ಇ ಎಂದು ಜೋಡಿಸುತ್ತಾರೆ. ವೇವ್ ಫೈಲಿನ ಕ್ರಮ ಎಡ, ಬಲ, ಸೆಂಟರ್, ಎಲ್‌ಎಫ್‌ಇ, ಹಿಂದಿನ ಎಡ, ಹಿಂದಿನ ಬಲ. ನೀವು ಹೇಳಿದ ಲಕ್ಷಣ ಮೊದಲ ಕ್ರಮದ ಫೈಲನ್ನು ಎನ್‌ಕೋಡರ್ ಎರಡನೆಯ ಕ್ರಮದಲ್ಲಿ ಓದಿದಾಗಿನದು.

ಎರಡನೆಯದಕ್ಕೆ ಕಾರಣ ವೇವ್ ಫೈಲಿನ 4 ಜಿಬಿ ಮಿತಿ. 24 ಬಿಟ್, 48,000 ಹರ್ಟ್ಸ್‌ನ ಆರು ಚಾನೆಲ್ ಸೆಕೆಂಡಿಗೆ 8,64,000 ಬೈಟ್ ತಿನ್ನುತ್ತವೆ. ಸುಮಾರು 82 ನಿಮಿಷಕ್ಕೆ ಮಿತಿ ಮುಗಿಯಿತು. ಆರು ಬೇರೆ ಬೇರೆ ಮೋನೊ ಫೈಲುಗಳಾಗಿ ಉಳಿಸಿ ಎನ್‌ಕೋಡರಿಗೆ ಕೊಡಿ. ಕ್ರಮದ ಗೊಂದಲವೂ ಅಲ್ಲಿಗೇ ತೀರುತ್ತದೆ.

ಪ್ರಶ್ನೆ: ಹಿಂದಿನ ಸ್ಪೀಕರಿನಲ್ಲಿ ನೀರೊಳಗೆ ಗುಳುಗುಳು ಎಂದಂತಾಗುತ್ತದೆ. ಮೂಲ 128 ಕೆಬಿಪಿಎಸ್‌ನ ಎಂಪಿ3.
– ಓದುಗರು, ಹಾಸನ

ಉತ್ತರ: ಕಾರಣ ಆ ಎಂಪಿ3ಯೇ. ಜಾಯಿಂಟ್ ಸ್ಟೀರಿಯೊದಲ್ಲಿ (ಎಡ-ಬಲವನ್ನು ಮೊತ್ತ ಮತ್ತು ವ್ಯತ್ಯಾಸವಾಗಿ ಉಳಿಸುವ ವಿಧಾನ) ಎಡ-ಬಲದ ವ್ಯತ್ಯಾಸಕ್ಕೆ ಕಡಿಮೆ ಬಿಟ್ ಸಿಗುತ್ತದೆ. ಅದರ ದೋಷವನ್ನು ನಡುವಿನ ದನಿ ಮರೆಮಾಡುತ್ತದೆ. ಕಳೆಯುವ ಲೆಕ್ಕದಲ್ಲಿ ಆ ಮರೆಯನ್ನೇ ಕಿತ್ತಿದ್ದೀರಿ. ಫಿಲ್ಟರ್ ಹಾಕಿ ಸರಿಪಡಿಸಲು ಬಾರದು. ಮೂಲ ವೇವ್ ಅಥವಾ ಸಿಡಿ ಹುಡುಕಿ. ಸಿಗದಿದ್ದರೆ ಕಳೆಯುವುದು ಬಿಟ್ಟು, ಎಡ-ಬಲವನ್ನೇ 12 ಮಿಲಿಸೆಕೆಂಡ್ ತಡಮಾಡಿ, 12 ಡೆಸಿಬೆಲ್ ಕೆಳಗೆ ಹಿಂದಕ್ಕೆ ಕೊಡಿ.

ಪ್ರಶ್ನೆ: ಹಳೆಯ ಮೋನೊ ಕ್ಯಾಸೆಟ್ಟಿಗೂ ಹೀಗೆ ಮಾಡಬಹುದೆ?
– ಓದುಗರು, ಧಾರವಾಡ

ಉತ್ತರ: ಬೇಡ. ಮೋನೊದಲ್ಲಿ ಎಡ-ಬಲ ಒಂದೇ, ಕಳೆದರೆ ಸೊನ್ನೆ. ಆದರೂ ಹಿಂದೆ ಏನೋ ಕೇಳಿಸಿದರೆ ಅದು ಟೇಪಿನ ಹಿಸ್ಸು ಮತ್ತು ಟೇಪನ್ನು ಓದುವ ಹೆಡ್ ವಾಲಿದ್ದರ ಗುರುತು. ಟೇಪನ್ನು ಮೋನೊದಲ್ಲಿ ಕೇಳುತ್ತ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ, ನಿಧಾನ ತಿರುಗಿಸಿ. ಸಕಾರ, ಶಕಾರ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಿ. ಆಮೇಲೆ 192 ಕೆಬಿಪಿಎಸ್‌ನ ಎರಡು ಚಾನೆಲ್ ಎಸಿ-3 ಸಾಕು.

ಪ್ರಶ್ನೆ: ಸರೌಂಡ್ ಹಾಕಿದ ಮೇಲೆ ಸ್ಟೀರಿಯೊ ಟ್ರ್ಯಾಕೂ ಇರಬೇಕೆ? ಜಾಗ ಸಾಲುತ್ತದೆಯೆ?
– ಓದುಗರು, ಮಂಗಳೂರು

ಉತ್ತರ: ಇರಲೇಬೇಕು. ಮೂಲ ಕಲಾವಿದರ ದನಿ ಅದು, ಉಳಿದದ್ದು ನಾವು ಹೊಲಿದದ್ದು. ಎರಡೂವರೆ ಗಂಟೆಗೆ 448ರ ಟ್ರ್ಯಾಕ್ 504 ಎಂಬಿ, 192ರ ಸ್ಟೀರಿಯೊ 216 ಎಂಬಿ. 4.7 ಜಿಬಿ ಡಿಸ್ಕಿನಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 3.4 ಮೆಗಾಬಿಟ್ ಉಳಿಯುತ್ತದೆ. ಸ್ಟೀರಿಯೊವನ್ನು ಪಿಸಿಎಂನಲ್ಲಿ (ಕುಗ್ಗಿಸದ ರೂಪ) ಇಟ್ಟರೆ ಅದೊಂದೇ 1.7 ಜಿಬಿ, ಚಿತ್ರಕ್ಕೆ 2 ಮೆಗಾಬಿಟ್ಟಿನಷ್ಟು ಮಾತ್ರ ಸಿಕ್ಕಿ, ವೇಷ ಗಿರಕಿ ಹೊಡೆಯುವಾಗಲೆಲ್ಲ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಡಿಸ್ಕ್ ಬರೆಯುವ ಮುನ್ನ 5.1 ಟ್ರ್ಯಾಕನ್ನು ಸಾಮಾನ್ಯ ಟಿವಿಯಲ್ಲೂ ಒಮ್ಮೆ ನುಡಿಸಿ ನೋಡಿ: ಸ್ಟೀರಿಯೊಗೆ ಬದಲಿಸಿದಾಗ ಮಾತು ಹೆಚ್ಚು ತಿಳಿಯಾದರೆ ಹಿಂದಿನ ಮಟ್ಟವನ್ನು ಇನ್ನೂ 3 ಡೆಸಿಬೆಲ್ ಇಳಿಸಿ.