ಘಟ್ಟದ ವಾಂತಿಗೆ ಮುಂದಿನ ಸೀಟು ಮದ್ದಲ್ಲ

ದೀಪಾವಳಿ ಇರಲಿ, ಮೇ ತಿಂಗಳ ರಜೆ ಇರಲಿ, ಮುಂಬೈ, ಪುಣೆ, ಗೋವಾಗಳಿಂದ ಮಕ್ಕಳನ್ನು ಕಾರಿನಲ್ಲಿ ಊರಿಗೆ ಕರೆದೊಯ್ಯುವವರು ಕೇಳುವ ಪ್ರಶ್ನೆಗಳು ಬದಲಾಗುವುದೇ ಇಲ್ಲ. ಪುಣೆಯಲ್ಲಿ ಮಕ್ಕಳ ವೈದ್ಯನಾಗಿ ಇವನ್ನೇ ಕೇಳಿಸಿಕೊಂಡು ಬೇಸತ್ತಿದ್ದೇನೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ಜಾಗವೂ ಬೇಡ, ನನಗೆ ಅಷ್ಟು ತಾಳ್ಮೆಯೂ ಇಲ್ಲ. ಬಟ್ಟೆ ಎಷ್ಟು ಜೊತೆ, ಡೈಪರ್ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ (ಡೊಂಬಿವಲಿಯಿಂದ): ಮಗನಿಗೆ ಐದು ವರ್ಷ. ಕೊಲ್ಹಾಪುರ, ಹುಬ್ಬಳ್ಳಿ ಮೇಲೆ ಉಡುಪಿಗೆ ಹೋಗುತ್ತೇವೆ. ಖಂಡಾಳಾದಲ್ಲಿ ಶುರುವಾದ ವಾಂತಿ ಅರಬೈಲು ಘಟ್ಟ ಇಳಿದರೂ ನಿಲ್ಲುವುದಿಲ್ಲ. ಬರಿಹೊಟ್ಟೆಯಲ್ಲಿ ಹೊರಡಿಸುತ್ತೇವೆ, ಆಂಡನ್‌ಸೆಟ್ರಾನ್ ಸಿರಪ್ ಕೊಡುತ್ತೇವೆ, ಅಜ್ಜಿ ಹೇಳಿದಂತೆ ಹೊಟ್ಟೆಗೆ ಪೇಪರ್ ಕಟ್ಟುತ್ತೇವೆ. ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂತರೆ ಮಾತ್ರ ಸ್ವಲ್ಪ ವಾಸಿ. ಇದಕ್ಕಿಂತ ಒಳ್ಳೆಯ ಔಷಧಿ ಯಾವುದು?

ಉತ್ತರ: ಮುಂದೆ ಕೂತರೆ ವಾಸಿ ಅನ್ನುವುದು ನಿಜ. ಅದು ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಗಾಡಿ ತಿರುಗಿದ್ದು, ಏರಿದ್ದು, ಬ್ರೇಕ್ ಹಾಕಿದ್ದು ಎಲ್ಲವೂ ಮಗುವಿನ ಒಳಕಿವಿಗೆ ಗೊತ್ತಾಗುತ್ತದೆ. ಆದರೆ ಹಿಂದೆ ಕೂತ ಐದು ವರ್ಷದವನ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು, ಇಲ್ಲವೇ ನೀವು ಕೈಗಿತ್ತ ಮೊಬೈಲು. ಎರಡೂ ಅಲುಗುವುದಿಲ್ಲ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ಈ ಜಗಳದ ಫಲವೇ ವಾಂತಿ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇದು ಅಪರೂಪ. ಎರಡರಿಂದ ಹನ್ನೆರಡರವರೆಗೆ ಕಾಟ ಹೆಚ್ಚು, ಆಮೇಲೆ ಬಹುತೇಕ ತಾನಾಗಿ ಕಡಿಮೆಯಾಗುತ್ತದೆ. ಮುಂದೆ ಕೂತ ಮಗುವಿಗೆ ಎದುರಿನ ರಸ್ತೆ, ಬರುವ ತಿರುವು ಕಾಣುತ್ತದೆ, ಅದಕ್ಕೇ ವಾಸಿ. ಅಂದರೆ ಅವನಿಗೆ ಬೇಕಾದದ್ದು ಎದುರಿನ ರಸ್ತೆಯ ನೋಟ. ನಿಮ್ಮ ತೊಡೆಯೂ ಬೇಡ, ಮುಂದಿನ ಸೀಟೂ ಬೇಡ.

ಆ ನೋಟ ಹಿಂದಿನ ಸೀಟಿನಲ್ಲೇ ಸಿಗುತ್ತದೆ. ಕಾರಿನ ಸೀಟಿನ ಮೇಲಿಟ್ಟು ಮಗುವನ್ನು ಕೂರಿಸುವ ಬೂಸ್ಟರ್ ಸೀಟು ತನ್ನಿ. ಮಗು ಎತ್ತರಕ್ಕೆ ಬರುತ್ತದೆ, ಮುಂದಿನ ಎರಡು ಸೀಟುಗಳ ನಡುವಿನಿಂದ ರಸ್ತೆ ಕಾಣುತ್ತದೆ, ಬೆಲ್ಟ್ ಕುತ್ತಿಗೆಗೆ ಉಜ್ಜದೆ ಭುಜದ ಮೇಲೆ, ಹೊಟ್ಟೆಯ ಮೇಲೆ ಹೋಗದೆ ತೊಡೆಯ ಬುಡದಲ್ಲಿ ಕೂರುತ್ತದೆ. ಎತ್ತರ 145 ಸೆಂ.ಮೀ. ಆಸುಪಾಸು ಬರುವವರೆಗೆ ಇದು ಬೇಕು. ಬೂಸ್ಟರಿಗೆ ಭುಜದಿಂದ ಬರುವ ಬೆಲ್ಟೇ ಆಗಬೇಕು. ಎಷ್ಟೋ ಕಾರುಗಳಲ್ಲಿ ಹಿಂದಿನ ನಡುಸೀಟಿಗೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ. ಹಾಗಿದ್ದರೆ ಪಕ್ಕದ ಸೀಟಿಗೇ ಹಾಕಿ, ಮುಂದಕ್ಕೆ ನೋಡುವುದನ್ನು ಅಭ್ಯಾಸ ಮಾಡಿಸಿ. ಪಕ್ಕದ ಕಿಟಕಿಯಲ್ಲಿ ಓಡುವ ಮರಗಳನ್ನು ಎಣಿಸಲು ಹಚ್ಚಬೇಡಿ. ಬಾಡಿಗೆಗೆ ದೊಡ್ಡ ಗಾಡಿ ಮಾಡಿಸಿದಾಗ ಮಕ್ಕಳನ್ನೆಲ್ಲ ಕೊನೆಯ ಸಾಲಿಗೆ ತಳ್ಳುವುದೂ ವಾಂತಿಗೆ ಆಹ್ವಾನವೇ.

ಈಗ ತೊಡೆಯ ವಿಷಯ. "ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ ಡಾಕ್ಟ್ರೇ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಢಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅನ್ನಿ. 18 ಕೆ.ಜಿ. ತೂಕದ ಮಗುವನ್ನು ತಡೆಯಲು ಆ ಕ್ಷಣ ನಿಮ್ಮ ತೋಳಿಗೆ ಬೇಕಾಗುವ ಬಲ ಸುಮಾರು 250 ಕೆ.ಜಿ. ಎತ್ತುವಷ್ಟು. ಯಾವ ತಾಯಿಯ ಕೈಗೂ ಇದು ಆಗುವ ಕೆಲಸವಲ್ಲ. ಒಂದೇ ಬೆಲ್ಟನ್ನು ಇಬ್ಬರ ಮೇಲೂ ಎಳೆದುಕೊಂಡರೆ ನಿಮ್ಮ ದೇಹವೇ ಮಗುವನ್ನು ಬೆಲ್ಟಿಗೆ ಒತ್ತಿ ಜಜ್ಜುತ್ತದೆ. ಸಾಲದ್ದಕ್ಕೆ ಎದುರಿಗೆ ಏರ್‌ಬ್ಯಾಗ್. ದೊಡ್ಡವರ ಎದೆಯ ಅಳತೆಗೆ ಮಾಡಿದ ಅದು ಗಂಟೆಗೆ 300 ಕಿ.ಮೀ. ಹತ್ತಿರದ ವೇಗದಲ್ಲಿ ಬಿರಿಯುತ್ತದೆ, ಮಗುವಿನ ತಲೆ ಇರುವುದು ಸರಿಯಾಗಿ ಅದರ ಎದುರಿಗೆ. 2024ರ ಡಿಸೆಂಬರ್‌ನಲ್ಲಿ ನವಿ ಮುಂಬೈಯ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗ ಏರ್‌ಬ್ಯಾಗ್ ಬಿರಿದ ಹೊಡೆತಕ್ಕೆ ತೀರಿಕೊಂಡ. ಅದು ಘಟ್ಟವಲ್ಲ, ಊರೊಳಗಿನ ರಸ್ತೆ.

"ಹಿಂದೆ ಕೂತವರಿಗೆ ಬೆಲ್ಟ್ ಯಾಕೆ" ಅನ್ನುವವರು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್‌ನ ಸೂರ್ಯಾ ನದಿಯ ಸೇತುವೆಯ ಮೇಲೆ ಏನಾಯಿತೆಂದು ನೆನಪಿಸಿಕೊಳ್ಳಿ. ಉದ್ಯಮಿ ಸೈರಸ್ ಮಿಸ್ತ್ರಿ ಮತ್ತು ಅವರ ಪಕ್ಕದಲ್ಲಿದ್ದವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಮುಂದಿದ್ದ ಇಬ್ಬರು ಉಳಿದರು, ಹಿಂದಿದ್ದ ಇಬ್ಬರೂ ಹೋದರು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ. ದಂಡಕ್ಕಾದರೂ ಹೆದರಿ.

ಇನ್ನು ಹೊಟ್ಟೆ. ಬರಿಹೊಟ್ಟೆಯಲ್ಲಿ ಹೊರಡಿಸುವುದು ತಪ್ಪು. ಖಾಲಿ ಹೊಟ್ಟೆಗೆ ತೊಳಸುವಿಕೆ ಹೆಚ್ಚು. ಒಂದು ತಾಸು ಮೊದಲು ಎರಡು ಇಡ್ಲಿಯನ್ನೋ ಒಣ ಚಪಾತಿಯನ್ನೋ ಕೊಡಿ. ಲೋಟ ತುಂಬ ಹಾಲು ಕುಡಿಸಬೇಡಿ. ಕಾರಿನ ಸೆಂಟಿನ ಬಾಟಲಿಯನ್ನು ಮನೆಯಲ್ಲೇ ಬಿಡಿ, ಘಟ್ಟದಲ್ಲಿ ಕಿಟಕಿ ಸ್ವಲ್ಪ ಇಳಿಸಿ, ಮೊಬೈಲ್ ಕಸಿದುಕೊಳ್ಳಿ, ಅಳಲಿ. ಅಪ್ಪ ತಿರುವುಗಳಲ್ಲಿ ಶೌರ್ಯ ತೋರಿಸುವುದನ್ನು ಬಿಟ್ಟರೆ ಅರ್ಧ ವಾಂತಿ ಅಲ್ಲೇ ನಿಲ್ಲುತ್ತದೆ.

ಆಂಡನ್‌ಸೆಟ್ರಾನ್ ಹೊಟ್ಟೆ ಕೆಟ್ಟಾಗ ಕೊಡುವ ಔಷಧಿ. ಪ್ರಯಾಣದ ವಾಂತಿಗೆ ಅದು ನಾಟುವುದಿಲ್ಲ. ಇದಕ್ಕೆ ಬೇರೆ ಗುಂಪಿನ ಔಷಧಿಗಳಿವೆ, ಪ್ರೊಮೆಥಜಿನ್‌ನಂಥವು. ಹೊರಡುವ ಮುಂಚೆ, ಅರ್ಧದಿಂದ ಒಂದು ತಾಸಿನ ಮೊದಲು ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟದ್ದು ವಾಂತಿಯ ಜೊತೆಗೇ ಹೊರಗೆ ಬರುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರೊಮೆಥಜಿನ್ ಕೊಡಲೇಬಾರದು, ಉಸಿರಾಟ ಕುಗ್ಗುವ ಅಪಾಯವಿದೆ. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಮಗುವನ್ನು ತೂಕ ಮಾಡಿದ ನಿಮ್ಮ ವೈದ್ಯರನ್ನು ಕೇಳಿ, ಮೆಡಿಕಲ್ ಅಂಗಡಿಯ ಹುಡುಗನನ್ನಲ್ಲ. ಗಾಡಿ ನಿಂತು ಬಹಳ ಹೊತ್ತಾದರೂ ವಾಂತಿ ನಿಲ್ಲದಿದ್ದರೆ, ಹಸಿರು ಬಣ್ಣದ ವಾಂತಿಯಾದರೆ, ಜೊತೆಗೆ ಜ್ವರವೋ ತೀವ್ರ ತಲೆನೋವೋ ಇದ್ದರೆ ಅದು ಘಟ್ಟದ್ದಲ್ಲ. ಸಿಕ್ಕಿದ ಮೊದಲ ಆಸ್ಪತ್ರೆಗೆ ತಿರುಗಿಸಿ.

ಪೇಪರ್? ವಾಂತಿ ಒರೆಸಲು ಆಗುತ್ತದೆ.

ಪ್ರಶ್ನೆ (ವಾಸ್ಕೋದಿಂದ): ಎಂಟು ತಿಂಗಳ ಮಗಳು. ಚೋರ್ಲಾ ಘಟ್ಟದ ಮೇಲೆ ವಿಜಯಪುರಕ್ಕೆ ಹೋಗಬೇಕು. ದಾರಿಯುದ್ದಕ್ಕೂ ಮಲಗಲಿ ಎಂದು ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸಿ, ಕೊರಳಿಗೆ ಕರ್ಪೂರದ ಗಂಟು ಕಟ್ಟಿ ಅನ್ನುತ್ತಾರೆ. ಮಾಡಬಹುದೇ?

ಉತ್ತರ: ಮೂರೂ ಬೇಡ. ಬಜೆ ತಾನೇ ವಾಂತಿ ತರಿಸುವ ಬೇರು. ಜಾಯಿಕಾಯಿ ಹೆಚ್ಚಾದರೆ ಬರುವುದು ನಿದ್ದೆಯಲ್ಲ, ಮಂಪರು. ಮಂಪರಿನಲ್ಲಿರುವ ಕೂಸು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕರ್ಪೂರದ ಚಿಕ್ಕ ತುಂಡು ಬಾಯಿಗೆ ಹೋದರೂ ಫಿಟ್ಸ್ ಬರಬಹುದು, ಎಂಟು ತಿಂಗಳ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೇ ಹಾಕುತ್ತದೆ. ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿ ಕೂರಿಸುವ ಮಕ್ಕಳ ಸೀಟು ಹಾಕಿ. ಎರಡು ತಾಸಿಗೊಮ್ಮೆ ನಿಲ್ಲಿಸಿ, ಕೆಳಗಿಳಿಸಿ ಹಾಲು ಕೊಡಿ.

ಪ್ರಶ್ನೆ (ಠಾಣೆಯಿಂದ): ಮೂರು ವರ್ಷದವನಿಗೆ ನಿದ್ದೆ ಬರಲೆಂದು ನೆಗಡಿಯ ಸಿರಪ್ ಅರ್ಧ ಚಮಚ ಕೊಟ್ಟರೆ?

ಉತ್ತರ: ನೆಗಡಿಗೇ ಕೊಡಬೇಡಿ ಅನ್ನುತ್ತಿದ್ದೇವೆ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಇರುವ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಬಾಟಲಿಯ ಮೇಲೆ ನಮೂದಿಸಲು 2023ರ ಡಿಸೆಂಬರ್‌ನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ. ಬಾಟಲಿ ತಿರುಗಿಸಿ ಓದಿ.

ಪ್ರಶ್ನೆ (ಪಿಂಪ್ರಿಯಿಂದ): ರಾತ್ರಿ ಹೊರಟರೆ ಮಕ್ಕಳು ನಿದ್ದೆ ಮಾಡುತ್ತಾರೆ, ಒಳ್ಳೆಯದಲ್ಲವೇ?

ಉತ್ತರ: ಬೆಳಗಿನ ಮೂರಕ್ಕೆ ಓಡಿಸುವವರೂ ನಿದ್ದೆ ಮಾಡುತ್ತಾರೆ. ಬೆಳಿಗ್ಗೆ ಐದಕ್ಕೆ ಹೊರಡಿ.

ಪ್ರಶ್ನೆ (ಮಡಗಾಂವ್‌ನಿಂದ): ಮಕ್ಕಳು ಸನ್‌ರೂಫಿನಿಂದ ತಲೆ ಹೊರಗೆ ಹಾಕಲು ಹಠ ಮಾಡುತ್ತಾರೆ.

ಉತ್ತರ: ಗುಂಡಿ ನಿಮ್ಮ ಕೈಯಲ್ಲಿದೆ. ಮುಚ್ಚಿ.

ಪ್ರಶ್ನೆ (ಮುಲುಂಡ್‌ನಿಂದ): ವಾಂತಿಯಾದ ಮೇಲೆ ಹೆದ್ದಾರಿಯ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಜ್ಯೂಸ್ ಕೊಡಬಹುದೇ?

ಉತ್ತರ: ಅದು ಸಕ್ಕರೆ ನೀರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿದೆ. ಪುಡಿಯ ಪೊಟ್ಟಣವನ್ನು ಮನೆಯಿಂದಲೇ ಒಯ್ಯಿರಿ. ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಚಮಚದಿಂದ ಗುಟುಕು ಗುಟುಕಾಗಿ ಕುಡಿಸಿ.

ಪ್ರಶ್ನೆ (ಕೋಥರೂಡ್‌ನಿಂದ): ಧಾರವಾಡಕ್ಕೆ ಹೋಗುವಾಗ ಊಟಕ್ಕೆ ಕೊಲ್ಹಾಪುರದಲ್ಲಿ ನಿಲ್ಲುವುದೋ, ನಿಪ್ಪಾಣಿ ದಾಟಿಯೋ?

ಉತ್ತರ: ಇದನ್ನು ಮಕ್ಕಳ ವೈದ್ಯನನ್ನು ಯಾಕೆ ಕೇಳುತ್ತೀರೋ! ಕೊಲ್ಹಾಪುರದಲ್ಲಿ ನಿಂತರೆ ಖಾರದ ತಾಂಬಡಾ ರಸ್ಸಾ ನಿಮಗಿರಲಿ, ಮಗುವಿಗೆ ಮೊಸರನ್ನ ಸಾಕು.